ಗವರ್ನರೂ ಇಂಟೆಂಡೆಂಟೂ

ಫ್ರೀಮಾಂಟಿನ ಆ ಮನೆಯ ಯಜಮಾನಿಕೆ ನಿರುಪಮಾಳದು. ಅವಳೋ ಬೆಳಗಾದರೆ ಕೊಲ್ಲಿಯಾಚೆ, ಮೆನ್ಲೋ ಪಾರ್ಕಿನ ಆಫೀಸಿನಲ್ಲಿ. ಈಚೆ ಮನೆ ಆಳುತ್ತಿದ್ದವರು ಊರಿನಿಂದ ವಿಮಾನ ಹತ್ತಿ ಬಂದಿದ್ದ ಇಬ್ಬರು ಅಜ್ಜಿಯರು: ಅವಳ ತಾಯಿ ಮೈಸೂರಿನ ಸತ್ಯವತಿ, ಅತ್ತೆ ಉಡುಪಿಯ ವಿಮಲಾ. ಒಂದೇ ಅಡುಗೆಮನೆಗೆ ಇಬ್ಬರು ಬೀಗಿತ್ತಿಯರೆಂದರೆ ಕೇಳಬೇಕೇ! ಆ ದಿನ ಬೆಳಿಗ್ಗೆ ವಿಮಲಾ ಸಾರಿಗೆ ಬೆಲ್ಲ ಹಾಕಿದ್ದೇ ತಡ, ಸತ್ಯವತಿಯವರ ಪಿತ್ತ ನೆತ್ತಿಗೇರಿತು. ಮಗಳಿಗೆ ಮೆಸೇಜು ಹಾಕಿಯೇಬಿಟ್ಟರು: "ನನ್ನ ಕೈಲಾಗಲ್ಲ ಕಣೇ. ನಿಮ್ಮತ್ತೇನ ಬೇಗ ಊರಿಗೆ ಕಳಿಸು." ಅತ್ತ ಸೋಫಾದಲ್ಲಿ ಕೂತು ವಿಮಲಾ ಕೂಡ ಏನೋ ಟೈಪು ಮಾಡುತ್ತಿದ್ದರು. ಇನ್ನೇನು, ನನ್ನ ಮೇಲೆ ಚಾಡಿ ಇರಬೇಕು, ಅಂದುಕೊಂಡರು ಸತ್ಯವತಿ.

ಸಂಜೆ ಮೊಮ್ಮಗಳು ತನ್ವಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ನಾಳೆ ಸ್ಕೂಲಿನಲ್ಲಿ ಅವಳ ಪ್ರೆಸೆಂಟೇಶನ್ನು. ಫ್ರೆಂಚರು ಹಿಂದೆ ಕೆನಡಾವನ್ನು ಹೇಗೆ ಆಳಿದರು ಅಂತ.

"ರಾಜ ಫ್ರಾನ್ಸಲ್ಲಿ ಇದ್ದ. ಸೋ, ಇಬ್ಬರನ್ನ ಕಳಿಸ್ದ. ಗವರ್ನರ್‌ಗೆ ಆರ್ಮಿ. ಇಂಟೆಂಡೆಂಟ್‌ಗೆ ಕೋರ್ಟು, ದುಡ್ಡು, ಊರಿನ ಕೆಲಸ ಎಲ್ಲ. ಇಬ್ರೂ ಫೈಟ್ ಮಾಡಿ ರಾಜಂಗೆ ಕಂಪ್ಲೇಂಟು ಬರೀತಿದ್ರು. ಲೆಟರು ಶಿಪ್ಪಲ್ಲಿ ಹೋಗ್ಬೇಕು, ಆನ್ಸರ್ ಬರೋದು ನೆಕ್ಸ್ಟ್ ಇಯರು!"

ವಿಮಲಾ ಬಾಯಿಗೆ ಸೆರಗು ಮುಚ್ಚಿ ನಕ್ಕರು. "ಅಷ್ಟೊತ್ತಿಗೆ ಜಗಳ ಯಾವುದೂಂತಲೇ ಮರ್ತು ಹೋಗ್ತಿತ್ತೇನೋ ಮಾರಾಯ್ತಿ!" ಸತ್ಯವತಿಗೂ ನಗು ತಡೆಯಲಾಗಲಿಲ್ಲ.

"ನೋ ಅಜ್ಜಿ," ಅಂದಳು ತನ್ವಿ. "ಒಂದ್ಸಲ ರಾಜಂಗೆ ಕೋಪ ಬಂದು ಇಬ್ರನ್ನೂ ವಾಪಸ್ ಕರ್ಸ್ಕೊಂಡ."

ಸತ್ಯವತಿಯವರಿಗೆ ಬೆಳಗಿನದು ತಟ್ಟನೆ ನೆನಪಾಯಿತು. ಅಯ್ಯೋ, ಮೆಸೇಜು! ಮಗಳು ನಿಜವಾಗಿಯೂ ಟಿಕೆಟ್ಟು ಬದಲಾಯಿಸಿಬಿಟ್ಟಿದ್ದರೆ?

ಅಷ್ಟರಲ್ಲಿ ನಿರುಪಮಾ ಬಂದಳು. "ಮೀಟಿಂಗ್ ಮೇಲೆ ಮೀಟಿಂಗು, ಫೋನೇ ನೋಡಿಲ್ಲ ಇವತ್ತು," ಅನ್ನುತ್ತ ಬಾಗಿಲಲ್ಲೇ ನಿಂತು ಮೆಸೇಜು ತೆರೆದಳು.

"ಓದ್ಬೇಡ್ವೇ!" ಅಂತ ಸತ್ಯವತಿ ಮಂಡಿನೋವನ್ನೂ ಮರೆತು ಓಡಿದರು. ಓದಿಯಾಗಿತ್ತು. ನಿರುಪಮಾ ಅತ್ತೆಯ ಮೆಸೇಜನ್ನೂ ಓದಿ, ಫೋನನ್ನು ಅಮ್ಮನ ಮುಂದೆ ಹಿಡಿದಳು.

"ನನ್ನ ಟಿಕೆಟ್ಟು ಬೇಗದ ತಾರೀಖಿಗೆ ಮಾಡಿಸು ಮಗಾ. ನಾನಿದ್ದರೆ ನಿನ್ನಮ್ಮನಿಗೆ ಕಿರಿಕಿರಿ. ಅವರಿಗಿರುವುದು ನೀನೊಬ್ಬಳೇ, ಮಗಳ ಮನೆಯಲ್ಲಿ ಹಾಯಾಗಿರಲಿ, ಪಾಪ. ನಾನು ಹೇಳಿದೆ ಅಂತ ಹೇಳಬೇಡ."

ಥೂ, ಇಂಥವರ ಮೇಲೆ ದೂರು ಬರೆದೆನಲ್ಲ! ಸತ್ಯವತಿ ಹೋಗಿ ವಿಮಲಾರ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು.

"ನೀವು ಹೊರಟ್ರೆ ನಾನೂ ಹೊರಟೆ, ನೋಡಿ ಮತ್ತೆ," ಅಂದರು. "ಇಡೀ ದಿನ ಈ ಮನೇಲಿ ನಾನು ಇನ್ಯಾರ ಹತ್ರ ಜಗಳ ಆಡ್ಲಿ?"