ಒಂದು ಮಂಡಿ, ಎರಡು ಬೆರಳು

ನಾನು ಒಂದು ಮೇಜು. ಊಟಕ್ಕೆ ಹಾಕುವ ಮೇಜಲ್ಲ, ಓದಿಗೆ ಹಾಕುವುದೂ ಅಲ್ಲ. ಬೆವರು ನಾರುವ ಆಟಗಾರರು ನನ್ನ ಮೇಲೆ ಮಲಗುತ್ತಾರೆ, ಅಯ್ಯಯ್ಯೋ ಅಂತ ನರಳುತ್ತಾರೆ, ನೋವು ಇಳಿದ ಕೂಡಲೇ ಎದ್ದು ಹೋಗುತ್ತಾರೆ. ಮಾಲೀಸು ಮೇಜು ಅನ್ನಿ, ಮಸಾಜ್ ಟೇಬಲ್ ಅನ್ನಿ, ಏನಾದರೂ ಅಂದುಕೊಳ್ಳಿ. ಹೆಸರಿನ ಹಂಗೆಲ್ಲ ನನಗೆ ಯಾವತ್ತೋ ಮುಗಿದಿದೆ.

ನನ್ನನ್ನು ಮಾಡಿದವರು ಮೈಸೂರಿನ ಬಡಗಿ ಇಮಾಮ್ ಸಾಬರು. ಮಾಡಿಸಿದವಳು ವಾರಿಜಾ. ಆಗಷ್ಟೇ ಫಿಸಿಯೋಥೆರಪಿ ಓದು ಮುಗಿಸಿ, ಒಂದು ವೃತ್ತಿಪರ ಕಬಡ್ಡಿ ತಂಡದಲ್ಲಿ ಕೆಲಸಕ್ಕೆ ಸೇರಿದ್ದಳು. "ಮಡಚಿ ಬಸ್ಸಿಗೆ ಹಾಕೋ ಹಾಗಿರಬೇಕು ಸಾಬ್ರೇ. ಆನೆ ಮಲಗಿದ್ರೂ ತಡೀಬೇಕು" ಅಂದಳು. ಸಾಬರು ತೇಗದ ಕಾಲನ್ನು ಉಜ್ಜುತ್ತಾ, "ಆನೆ ತಡ್ಕೊಳ್ತದಮ್ಮ, ಮನುಷ್ಯರದ್ದೇ ಕಷ್ಟ" ಅಂದರು. ಎಷ್ಟು ಸರಿಯಾಗಿ ಹೇಳಿದರೋ ಪುಣ್ಯಾತ್ಮ. ನೀಲಿ ರೆಕ್ಸಿನ್ ಹೊದ್ದು, ಹೊಸ ಮದುಮಗಳ ಹಾಗೆ ನಾನು ಅಂಗಡಿಯಿಂದ ಹೊರಟೆ.

ಆಮೇಲೆ ಊರೂರು ತಿರುಗಿದ್ದೇ ತಿರುಗಿದ್ದು. ಬಸ್ಸಿನ ಡಿಕ್ಕಿಯಲ್ಲಿ ಸೂಟ್‌ಕೇಸುಗಳ ಜೊತೆ ಕುಲುಕಾಡಿ ನನ್ನ ಕೀಲುಗಳು ಸಡಿಲವಾದವು. ಆಟಗಾರರನ್ನು ನಾನು ಮುಖದಿಂದ ಗುರುತಿಸುತ್ತಿರಲಿಲ್ಲ, ಭಾರದಿಂದ ಗುರುತಿಸುತ್ತಿದ್ದೆ. ಅವರಲ್ಲಿ ನನಗೆ ತುಂಬ ಇಷ್ಟವಾದವನು ಮರಿಸ್ವಾಮಿ. ಮಳವಳ್ಳಿ ಕಡೆಯ ಹುಡುಗ, ತಂಡದ ದೊಡ್ಡ ರೈಡರ್. ಎದುರಾಳಿಗಳ ಅಂಗಳಕ್ಕೆ ಅವನು ನುಗ್ಗಿದರೆ ಇಡೀ ಕ್ರೀಡಾಂಗಣ ಎದ್ದು ನಿಲ್ಲುತ್ತಿತ್ತು. ನನ್ನ ಮೇಲೆ ಮಲಗಿ, "ಮೇಡಂ, ಈ ಟೇಬಲ್ಲು ನಮ್ಮವ್ವನ ಮಡಿಲಿದ್ದಂಗದೆ ಕಣ್ರೀ" ಅನ್ನುತ್ತಿದ್ದ. ನಾನು ಉಬ್ಬಿಹೋಗುತ್ತಿದ್ದೆ. ಮರಕ್ಕೂ ಹೊಗಳಿಕೆ ನಾಟುತ್ತದೆ.

ಮೈಸೂರಿನಲ್ಲೇ ಪಂದ್ಯಗಳಿದ್ದ ವಾರ ಅವನ ಬಲಮಂಡಿ ತಿರುಚಿಕೊಂಡಿತು. ವಾರಿಜಾ ಒತ್ತಿ ನೋಡಿ, "ಒಳಗೆ ಹರಿದಿದೆ. ತಿಂಗಳಾದರೂ ಆಡೋ ಹಾಗಿಲ್ಲ" ಅಂದಳು. ಮ್ಯಾನೇಜರ್ ಶ್ರೀಕಂಠಯ್ಯ ಪಕ್ಕದಲ್ಲೇ ಇದ್ದ. ಎದುರು ತಂಡದವರಿಗೆ ಗೊತ್ತಾಗುವುದು ಬೇಡ, ಈ ಮಾತು ಹೊರಗೆ ಹೋಗಬಾರದು ಅಂದ. ಮರಿಸ್ವಾಮಿ ನೋವಿಗೂ ಸಿಟ್ಟಿಗೂ ಸೇರಿಸಿ ಕುಡಿದ.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ನಾನು ವಾರಿಜಾಳ ಕೋಣೆಯಲ್ಲಿ ನಿಂತಿದ್ದೆ. ಎದುರಿನ ಕೋಣೆ ಮರಿಸ್ವಾಮಿಯದು. ಮೊದಲು ಬೈಗುಳ ಕೇಳಿಸಿತು. ಆಮೇಲೆ ಬಾಗಿಲು ಬಡಿದ ಸದ್ದು, ಒಬ್ಬ ಹೆಂಗಸಿನ ಚೀರಾಟ. ವಾರಿಜಾ ಓಡಿಹೋಗಿ ಒಬ್ಬಳನ್ನು ತಬ್ಬಿ ಹಿಡಿದು ಕರೆತಂದಳು. ಕೋಣೆ ಗುಡಿಸಿ ಚಾದರ ಬದಲಿಸುವ ಚೆಲುವಮ್ಮ. ನಡುವಯಸ್ಸಿನವಳು, ತೆಳ್ಳಗಿದ್ದಳು. ಅವಳ ಬಲಗೈಯನ್ನು ವಾರಿಜಾ ನನ್ನ ಮೇಲೆ ಇರಿಸಿದಳು. ಅಷ್ಟು ಹಗುರವಾದ ಭಾರವನ್ನು ನಾನು ಅದಕ್ಕೆ ಮುಂಚೆ ಹೊತ್ತಿರಲಿಲ್ಲ. ಮರಿಸ್ವಾಮಿಯ ಮಂಡಿಗೆಂದು ತರಿಸಿದ್ದ ಐಸನ್ನು ವಾರಿಜಾ ಆ ಬೆರಳುಗಳಿಗೆ ಒತ್ತಿ ಹಿಡಿದಳು.

"ಕೋಣೆ ಗುಡಿಸ್ಲಾ ಅಂತ ಬಾಗ್ಲು ತಟ್ಟಿದ್ಕೆ ತಳ್ದ ಕಣವ್ವ" ಅಂದಳು ಚೆಲುವಮ್ಮ. "ಬೀಳ್ತೀನಿ ಅಂತ ಬಾಗ್ಲ ಸಂದಿ ಹಿಡ್ಕೊಂಡೆ. ಕೈ ಐತೆ ಕಣಪ್ಪ ಅಂದೆ. ನೋಡ್ದ. ನೋಡ್ಬುಟ್ಟೇ ಬಾಗ್ಲು ಹಾಕ್ದ."

ಎರಡು ಬೆರಳಿನ ಮೂಳೆ ಪುಡಿಯಾಗಿತ್ತು. ಮರಿಸ್ವಾಮಿ ಮಾತ್ರ, ಆಯಮ್ಮ ತಾನೇ ಎಡವಿ ಬಿದ್ದಳು ಅಂದ. ಅದೇ ಬಾಯಿ ನನ್ನನ್ನು ಅವ್ವನ ಮಡಿಲು ಅಂದಿತ್ತಲ್ಲ ಅಂತ ನನಗೆ ಸಂಕಟವಾಯಿತು. ನಂಬಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಶ್ರೀಕಂಠಯ್ಯ ತನಗೆ ಗೊತ್ತಿದ್ದ ಪರಿಹಾರ ಮಾಡಿದ. ಆಟದವರ ಲೋಕದಲ್ಲಿ ಸತ್ಕಾರಕ್ಕೂ ಸಮಾಧಾನಕ್ಕೂ ಕೊಡುವುದು ಒಂದೇ ವಸ್ತು. ಮರಿಸ್ವಾಮಿಯ ಜೆರ್ಸಿಯ ಮೇಲೆ ಸಹಿ ಹಾಕಿಸಿ, ಚಂದದ ಕಾಗದ ಸುತ್ತಿ ಚೆಲುವಮ್ಮನ ಮನೆಗೆ ಕಳಿಸಿದ. ಕೈಗೆ ಪಟ್ಟಿ ಕಟ್ಟಿಸಲು ವಾರಿಜಾಳ ಹತ್ತಿರ ಬಂದಾಗ ಚೆಲುವಮ್ಮ ಅದನ್ನು ವಾಪಸು ತಂದಳು. ಒಗೆದು, ಇಸ್ತ್ರಿ ಮಾಡಿ, ಹೋಟೆಲಿನ ಟವೆಲ್ಲಿನ ಹಾಗೆ ಅಚ್ಚುಕಟ್ಟಾಗಿ ಮಡಚಿತ್ತು. ಸಹಿ ಅರ್ಧ ಮಾಸಿಹೋಗಿತ್ತು.

"ಮಗಳ ಕೈಲಿ ಒಗ್ಸ್ದೆ. ಬ್ಯಾರೆಯೋರ ಬಟ್ಟೆ ಕೊಳಕು ಕೊಡಬಾರ್ದಲ್ವ" ಅಂದಳು. ವಾರಿಜಾ, ನಿಮಗೇನು ಬೇಕು ಚೆಲುವಮ್ಮ ಅಂತ ಕೇಳಿದಳು. "ನನ್ನ ಮಕ ನೋಡಿ, ನಾನೇ ಹಾಕ್ದೆ ಅನ್ಲಿ. ಎಡವಿ ಬಿದ್ಲು ಅಂದವ್ನಲ್ಲ, ಹೋಟ್ಲೋರೂ ಅಂಗೇ ಅಂತಾವ್ರೆ. ನಾನು ಸುಳ್ಳಿ ಆಗೋದೆ."

ಚೆಲುವಮ್ಮನ ದೂರು ಕಬಡ್ಡಿ ಲೀಗಿನ ಶಿಸ್ತು ಸಮಿತಿಗೆ ಹೋಯಿತು. ಹೋಟೆಲಿನಲ್ಲಿ ಗಲಾಟೆ ಮಾಡಿದ್ದಕ್ಕೆ ಅಂತ ಸಮಿತಿ ಅವನಿಗೆ ನಾಲ್ಕು ಪಂದ್ಯ ಆಡಬಾರದೆಂದು ಶಿಕ್ಷೆ ಹಾಕಿತು. ಎಷ್ಟು ಕಟ್ಟುನಿಟ್ಟು ಅಂತ ಪೇಪರಿನವರು ಹೊಗಳಿದರು. ನಮ್ಮ ತಂಡದಲ್ಲಿ ಮಾತ್ರ ಯಾರ ಮುಖವೂ ಬಾಡಲಿಲ್ಲ. ಶ್ರೀಕಂಠಯ್ಯ ಮೈಸೂರುಪಾಕಿನ ಡಬ್ಬಿ ತಂದು ನನ್ನ ಮೇಲೆಯೇ ಇಟ್ಟ. ಆ ತುಪ್ಪದ ಕಲೆ ಇನ್ನೂ ನನ್ನ ಮೈಮೇಲಿದೆ.

"ಹೇಗಿದ್ರೂ ಆ ನಾಲ್ಕು ಪಂದ್ಯ ಅವನು ಮಲಗೇ ಇರಬೇಕಿತ್ತು" ಅಂತ ನಕ್ಕ. "ಔಟಾದೋನು ಹೊರಗೆ ಕೂತಿರ್ತಾನೆ, ನಾವು ಪಾಯಿಂಟ್ ತಂದ್ರೆ ಮತ್ತೆ ಒಳಗೆ ಬರ್ತಾನೆ. ನಮ್ಮಾಟ ಇರೋದೇ ಹಾಗಲ್ವಾ ವಾರಿಜಾ?"

"ಅದು ಅಂಗಳದೊಳಗೆ ಸಾರ್" ಅಂದಳು ವಾರಿಜಾ.

ಮೈಸೂರುಪಾಕು ಮುಟ್ಟದೆ ಅವಳು ಸಮಿತಿಯ ಮುಂದೆ ಹೋದಳು. ಆ ಮಂಡಿ ಹೇಗೂ ಆಡುತ್ತಿರಲಿಲ್ಲ, ಬೇಕಾದರೆ ನಿಮ್ಮ ಡಾಕ್ಟರಿಂದಲೇ ನೋಡಿಸಿ, ಮಂಡಿ ವಾಸಿಯಾದ ಮೇಲೆ ಶಿಕ್ಷೆ ಶುರುವಾಗಲಿ ಅಂತ ಹೇಳಿ ಬಂದಳು. ಸಮಿತಿಯವರು ನೋಡಿಸಿದರು, ಒಪ್ಪಿದರು. ಮರಿಸ್ವಾಮಿಯ ಕಾಲು ನೆಟ್ಟಗಾಗುವ ಹೊತ್ತಿಗೆ ಸೆಮಿಫೈನಲ್ ಬಂದಿತ್ತು. ಅವನು ಹೊರಗೆ ಕೂತ, ತಂಡ ಸೋತಿತು.

ಅವತ್ತು ಅವನು ನನ್ನ ಪಕ್ಕ ಬಂದು ನಿಂತು, "ನಿಮ್ಮನ್ನ ಅಕ್ಕ ಅಂದ್ಕೊಂಡಿದ್ದೆ ಮೇಡಂ. ಬೆನ್ನಿಗೆ ಚೂರಿ ಹಾಕ್ಬುಟ್ರಿ" ಅಂದ.

"ಈಗಲೂ ಹೋಗಿ ಆಯಮ್ಮನ ಹತ್ರ ಒಂದು ಮಾತಾಡು ಮರಿಸ್ವಾಮಿ."

"ಶಿಕ್ಷೆ ಆಯ್ತಲ್ಲ. ಇನ್ನೇನು ಮಾತು?" ಅಂತ ಹೊರಟುಹೋದ. ಶಿಕ್ಷೆಯಾದರೆ ಲೆಕ್ಕ ಚುಕ್ತಾ ಅಂತ ಅವನ ಎಣಿಕೆ. ನಿಜ ಹೇಳಲಾ, ಅವತ್ತು ನನ್ನ ಎಣಿಕೆಯೂ ಹಾಗೇ ಇತ್ತು. ಅವನು ಸೋತ, ಚೆಲುವಮ್ಮ ಗೆದ್ದಳು ಅಂತ ಖುಷಿಪಟ್ಟಿದ್ದೆ.

ಮುಂದಿನ ವರ್ಷದ ಲೀಗಿಗೆ ತಂಡದವರು ವಾರಿಜಾಳನ್ನು ಕರೆಯಲಿಲ್ಲ. ಬೇರೆ ತಂಡದವರೂ ಕರೆಯಲಿಲ್ಲ. ನನ್ನನ್ನು ಆಟೋದ ಮೇಲೆ ಕಟ್ಟಿಕೊಂಡು ಬಂದು ಒಂಟಿಕೊಪ್ಪಲಿನ ಒಂದು ಸಣ್ಣ ಮಳಿಗೆಯಲ್ಲಿ ಅವಳು ಬೋರ್ಡು ಹಾಕಿದಳು. ಚಾದರ ಎಳೆದು ಸಿಕ್ಕಿಸಲು ಬರುವುದಿಲ್ಲವೆಂದು ಚೆಲುವಮ್ಮನನ್ನು ಹೋಟೆಲಿನವರು ಕೆಲಸದಿಂದ ಬಿಡಿಸಿದರು. ಎಡವಿ ಬಿದ್ದವಳು ಅಂತಲೇ ಅಲ್ಲಿ ಕೊನೆಯವರೆಗೂ ಮಾತು. ಅವಳು ಒಂದು ಶಿಶುವಿಹಾರದಲ್ಲಿ ಆಯಾ ಆದಳು. ಮರಿಸ್ವಾಮಿ ಮತ್ತೆ ಆಡಿದ, ಗೆದ್ದ, ಸನ್ಮಾನ ಮಾಡಿಸಿಕೊಂಡ, ನಿವೃತ್ತನಾಗಿ ಟಿವಿಯಲ್ಲಿ ಮಾತಾಡತೊಡಗಿದ. ಆ ವರ್ಷದ ಮಾತು ಬಂದಾಗಲೆಲ್ಲ, "ಮಂಡಿ ಕೈಕೊಡ್ತು" ಅನ್ನುತ್ತಿದ್ದ. ಮಳಿಗೆಯ ಟಿವಿಯಲ್ಲಿ ಕೇಳಿ ಕೇಳಿ ನನಗೆ ಸುಸ್ತಾಗಿದೆ.

ಈಗ ನನಗೆ ವಯಸ್ಸಾಗಿದೆ. ರೆಕ್ಸಿನ್ ಬಿರಿದು ಒಳಗಿನ ಸ್ಪಂಜು ಕಾಣುತ್ತದೆ, ಒಂದು ಕಾಲಿಗೆ ತಗಡಿನ ಪಟ್ಟಿ ಹೊಡೆದಿದ್ದಾರೆ. ಮೊನ್ನೆ ಚೆಲುವಮ್ಮ ಬಂದಿದ್ದಳು. ಚಳಿ ಬಿದ್ದರೆ ಆ ಬೆರಳುಗಳು ಸೆಟೆದುಕೊಳ್ಳುತ್ತವೆ. ಕೈಯನ್ನು ನನ್ನ ಮೇಲೆ ಚಾಚಿ ಕೂತಿದ್ದಳು. ಆಗ ಬಾಗಿಲು ಸರಿಸಿಕೊಂಡು ಒಬ್ಬ ದಪ್ಪ ಮನುಷ್ಯ ಕುಂಟುತ್ತಾ ಒಳಗೆ ಬಂದ. "ಎಲ್ಲೂ ವಾಸಿ ಆಗ್ತಿಲ್ಲ ಮೇಡಂ. ನಿಮ್ಮ ಕೈಗುಣನೇ ಬೇಕು" ಅಂದ. ಟಿವಿಯಲ್ಲಿ ಕೇಳಿ ಕೇಳಿ ಸುಸ್ತಾದ ಅದೇ ದನಿ, ಮರಿಸ್ವಾಮಿಯದು.

"ಇವರದ್ದು ಮುಗೀಲಿ, ಕೂತ್ಕೋ" ಅಂದಳು ವಾರಿಜಾ. ದನಿಯಲ್ಲಿ ಏನೂ ಇರಲಿಲ್ಲ. ಅವನು ಕೂತ. ಸ್ವಲ್ಪ ಹೊತ್ತು ನೋಡಿ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ, "ಬೆರಳಿಗೆ ಏನಾಯ್ತವ್ವ?"

ಚೆಲುವಮ್ಮ ಅವನನ್ನು ನೋಡಿದಳು. "ನೀನು ಬಾಗ್ಲು ಹಾಕ್ಬುಟ್ಟೆ ಕಣಪ್ಪ" ಅಂದಳು. "ಕೈ ಐತೆ ಅಂದ್ರೂ."

ವಾರಿಜಾ ಆ ಕೈಯನ್ನು ಒರೆಸಿ ಬಿಟ್ಟಳು. ಚೆಲುವಮ್ಮ ಎದ್ದು ಕುರ್ಚಿಯಲ್ಲಿ ಕೂತಳು, ಹೊರಗೆ ಹೋಗಲಿಲ್ಲ. ಮರಿಸ್ವಾಮಿ ನನ್ನ ಮೇಲೆ ಹತ್ತಿದ. ಮಂಡಿನೋವಿಗೆ ಬಂದವರು ಅಂಗಾತ ಮಲಗಬೇಕು. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನು ಬೋರಲು ಮಲಗಿ, ಮುಖವನ್ನು ರೆಕ್ಸಿನ್‌ಗೆ ಒತ್ತಿಕೊಂಡ. ಬಿಸಿ ಉಸಿರು ನನ್ನ ಮೈಗೆ ತಾಗುತ್ತಿತ್ತು.

ಹೊರಳು ಮಾರಾಯ, ಅಂದುಕೊಂಡೆ. ಒಂದು ಸಲ ಹೊರಳಿ ಅವಳ ಮುಖ ನೋಡು, ಅಲ್ಲೇ ಕೂತಿದ್ದಾಳೆ. ಎಷ್ಟೋ ಜನರ ಭಾರ ಹೊತ್ತಿದ್ದೇನೆ, ಒಬ್ಬನನ್ನೂ ಹೊರಳಿಸುವ ಶಕ್ತಿ ನನಗಿಲ್ಲ.

ಚೆಲುವಮ್ಮ ಸುಮಾರು ಹೊತ್ತು ಕಾದಳು. ಆಮೇಲೆ ಎಡಗೈಯಲ್ಲಿ ಚೀಲ ಎತ್ತಿಕೊಂಡು, "ಇಸ್ಕೂಲಲ್ಲಿ ಮಕ್ಕಳ್ನ ಬಿಡೋ ಹೊತ್ತಾಯ್ತು ಕಣವ್ವ" ಅಂತ ಹೇಳಿ ಹೋದಳು.