ಬೆಚ್ಚಗಿನ ಸಂದಿ

ಗ್ಯಾಸಿನ ವಾಲ್ವ್ ಮುಚ್ಚಲು ಕಾಲು ಸುತ್ತು ಸಾಕು. ಹನ್ನೊಂದು ವರ್ಷದಿಂದ ಈ ಪರದೇಶದ ಊರಾದ ಅಪ್ಪರ್ ಹಟ್‌ನಲ್ಲಿ ಗ್ಯಾಸ್ ಫಿಟ್ಟರ್ ಆಗಿರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಆ ಶನಿವಾರ ಶ್ರೀಕರನ ಮನೆಯಲ್ಲಿ ನನ್ನ ಕೈ ವಾಲ್ವ್‌ವರೆಗೆ ಹೋಗಿ ವಾಪಸು ಬಂತು. ಈಗ ನನ್ನ ಲೈಸೆನ್ಸ್ ಉಳಿಯುವುದು ಬಿಡುವುದು ಅಂದು ನಾನು ಏನು ಹೇಳಿದೆ ಎನ್ನುವುದರ ಮೇಲೆ ನಿಂತಿದೆ.

ಶ್ರೀಕರ ಮತ್ತು ನಾನು ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಮೆಕ್ಯಾನಿಕಲ್ ಓದಿದವರು. ಅವನು ಸಾಫ್ಟ್‌ವೇರಿಗೆ ಹಾರಿದ. ನಾನು ಇಲ್ಲಿಗೆ ಬಂದ ಮೇಲೆ ಓದಿದ ಕೆಲಸ ಸಿಗದೆ ಪೈಪು ಹಿಡಿದೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಅವನು ನನ್ನನ್ನು ಪರಿಚಯಿಸುವ ರೀತಿ ಒಂದೇ: "ಇವನು ಗುರುರಾಜ, ನಮ್ಮ ಬ್ಯಾಚಿನ ಪ್ಲಂಬರ್." ಎಲ್ಲರೂ ನಗುತ್ತಾರೆ. ನಾಚಿಕೆಗೆಟ್ಟ ನಾನೂ ನಗುತ್ತೇನೆ. ಹಾಗೆ ನಕ್ಕವರೇ ಚಳಿಗಾಲ ಬಂತೆಂದರೆ ಫೋನ್ ಮಾಡುತ್ತಾರೆ: "ಗುರು, ಈ ಕಡೆ ಬಂದಾಗ ಹಾಗೇ ಒಂದ್ಸಲ ನೋಡ್ಬಿಟ್ಟು ಹೋಗೋ." ಹಾಗೇ ನೋಡುವುದೆಂದರೆ ಬಿಲ್ಲಿಲ್ಲ, ರಿಪೋರ್ಟಿಲ್ಲ, ಒಂದು ಲೋಟ ಕಾಫಿ. ನಮ್ಮವರು ಡಾಕ್ಟರನ್ನೂ ಮದುವೆ ಮನೆಯಲ್ಲಿ ಹೀಗೆಯೇ ಹಿಡಿದು ನಾಲಿಗೆ ತೋರಿಸುತ್ತಾರೆ. ಆದರೆ ಡಾಕ್ಟರ್ ಹೇಳಿದ್ದನ್ನು ಕೇಳುತ್ತಾರೆ.

ಇಲ್ಲಿ ನಡುಚಳಿಗಾಲವಾದ ಜುಲೈನಲ್ಲಿ ಶ್ರೀಕರ ಕರೆದದ್ದೂ ಹೀಗೆಯೇ. ಮನೆ ಬಿಸಿ ಮಾಡುವ ಬಾಯ್ಲರ್ ಮೇಲಿಂದ ಮೇಲೆ ತಾನಾಗಿ ಆಫ್ ಆಗುತ್ತಿತ್ತಂತೆ. ಇವನು ರೀಸೆಟ್ ಒತ್ತಿ ಒತ್ತಿ ಸುಸ್ತಾಗಿದ್ದನಂತೆ. ಅವನ ಹೆಂಡತಿ ಅಮಿತಾ ಆಸ್ಪತ್ರೆಯಲ್ಲಿ ನರ್ಸ್. ಅವತ್ತು ಡ್ಯೂಟಿಗೆ ಹೋಗಿದ್ದಳು. ಅವಳ ತಾಯಿ ಲೀಲಾವತಿಯವರು ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ನನ್ನ ದನಿ ಕೇಳಿ ಬಟ್ಟೆ ಒಗೆಯುವ ಕೋಣೆಯ ಹಿಂಬಾಗಿಲಿನಾಚೆಯಿಂದ ಕರೆದರು.

"ಬಾಪ್ಪ ಗುರುರಾಜ. ಇಲ್ಲಿ ಬಾ, ಇಲ್ಲಿ ಬೆಚ್ಚಗಿದೆ."

ಹೋಗಿ ನೋಡಿದೆ. ಮನೆಗೂ ಬೇಲಿಗೂ ನಡುವಿನ ಸಂದಿಗೆ ಶ್ರೀಕರ ಹಿಂದೆ, ಮುಂದೆ, ಮೇಲೆ ಪ್ಲಾಸ್ಟಿಕ್ ಶೀಟು ಹೊಡೆದಿದ್ದ. ಅತ್ತೆಯ ಸೀರೆ ಒಣಗಲಿ, ತುಳಸಿ ಗಿಡ ಹಿಮಕ್ಕೆ ಸಾಯದಿರಲಿ ಎಂದು ಹೊಡೆದದ್ದಂತೆ. ಬಾಯ್ಲರಿನ ಹೊಗೆ ಕೊಳವೆ ಗೋಡೆ ತೂರಿ ಬಂದು ಬಾಯಿ ಬಿಟ್ಟಿದ್ದು ಅದೇ ಸಂದಿಗೆ. ಬಯಲಿಗೆ ಹೋಗಬೇಕಾದ ಹೊಗೆ ಬಿಳಿ ಹಬೆಯಾಗಿ ಅಲ್ಲೇ ಸುತ್ತುತ್ತಿತ್ತು. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಲೀಲಾವತಿ ಅಮ್ಮ ಹುರುಳಿಕಾಯಿ ನಾರು ಬಿಡಿಸುತ್ತಿದ್ದರು.

"ಮೂಗು ಕಟ್ಟಿತ್ತು ಕಣಪ್ಪ. ಇಲ್ಲಿ ಕೂತ್ರೆ ಹಬೆ ತಗೊಂಡ ಹಾಗಾಗತ್ತೆ," ಎಂದರು. "ತಲೆನೋವು ಮಾತ್ರ ಬಿಡ್ತಿಲ್ಲ. ಅಮಿತಾ ದಿನಾ ಬಿ.ಪಿ. ನೋಡ್ತಾಳೆ, ಸರಿಯಾಗೇ ಇದೆ ಅಂತಾಳೆ."

ಬಾಯ್ಲರ್ ಆಫ್ ಆಗುತ್ತಿದ್ದುದರ ಕಾರಣವೂ ಅಲ್ಲೇ ಇತ್ತು. ಈ ನಮೂನೆಯ ಬಾಯ್ಲರ್ ಹೊಗೆಯಲ್ಲಿರುವ ಹಬೆಯನ್ನು ತಣಿಸಿ ನೀರು ಮಾಡಿ ಒಂದು ಸಣ್ಣ ಪೈಪಿನಲ್ಲಿ ಹೊರಗೆ ಬಿಡುತ್ತದೆ. ಆ ಪೈಪು ಮೋರಿಗೆ ಸೇರಬೇಕು. ಅಮ್ಮ ಅದನ್ನು ಮೋರಿಯಿಂದ ಎಳೆದು ಬಕೆಟ್ಟಿಗೆ ಇಳಿಬಿಟ್ಟಿದ್ದರು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಬಡಾವಣೆಯಲ್ಲಿ ಸಂಸಾರ ಮಾಡಿದ ಕೈ, ತೊಟ್ಟಿಕ್ಕುವ ನೀರನ್ನು ಬಿಟ್ಟೀತೆ? ಬಕೆಟ್ ತುಂಬಿ ಪೈಪಿನ ಬಾಯಿ ಮುಳುಗಿದಾಗ ನೀರು ಹಿಂದಕ್ಕೆ ನಿಂತು ಬಾಯ್ಲರ್ ಉಸಿರು ಕಟ್ಟಿ ನಿಲ್ಲುತ್ತಿತ್ತು.

"ಎಷ್ಟು ತಿಳಿಯಾಗಿದೆ ನೋಡು. ದಿನಾ ತುಳಸಿಗೆ ಹಾಕ್ತೀನಿ," ಎಂದರು. ಕುಂಡದಲ್ಲಿ ತುಳಸಿ ಬರೀ ಕಡ್ಡಿಯಾಗಿತ್ತು.

"ಅಮ್ಮಾ, ಇದು ಹುಳಿ ನೀರು. ಸಿಮೆಂಟನ್ನೂ ತಿನ್ನತ್ತೆ. ನೀವು ಇನ್ನು ಇಲ್ಲಿ ಕೂರಲೇಬೇಡಿ. ಈ ಹಬೇಲಿ ವಾಸನೆ ಇಲ್ಲದ ವಿಷ ಇದೆ. ಮೊದಲು ತಲೆನೋವು, ಆಮೇಲೆ ಜೀವಕ್ಕೇ ಬರತ್ತೆ."

ಅವರು ಹೆದರಿ ಅಳಿಯನ ಮುಖ ನೋಡಿದರು. ಶ್ರೀಕರ ಕಾಫಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.

"ಈ ಶೀಟು ತೆಗಿಯೋವರೆಗೂ ಗ್ಯಾಸ್ ಬಂದ್ ಮಾಡ್ತೀನಿ," ಎಂದೆ.

"ಅತ್ತೇನ ಯಾಕೋ ಹೆದರಿಸ್ತೀಯ? ಈ ಚಳೀಲಿ ಮನೆ ತಣ್ಣಗಾದ್ರೆ ಅಮಿತಾ ನನ್ನ ಸುಮ್ನೆ ಬಿಡ್ತಾಳಾ? ನಾಳೆ ಭಾನುವಾರ, ನಾನೇ ತೆಗೀತೀನಿ. ನಾನೂ ಮೆಕ್ಯಾನಿಕಲ್ ಓದಿದೀನಿ ಕಣೋ."

ನನ್ನ ಕೈ ವಾಲ್ವಿನ ಮೇಲಿತ್ತು. ಮುಚ್ಚಿದರೆ ಮುಂದಿನ ಕೂಟದಲ್ಲಿ ಏನು ಮಾತು ಹುಟ್ಟುತ್ತದೆಂದು ಗೊತ್ತಿತ್ತು: ಪ್ಲಂಬರನಿಗೆ ಕೊಬ್ಬು, ಗೆಳೆಯನ ಮನೆಗೇ ಚಳಿ ಹಿಡಿಸಿದ. ಕೈ ತೆಗೆದೆ. ಪೈಪನ್ನು ನೀಟಾಗಿ ಮೋರಿಗೆ ಸೇರಿಸಿ ಕ್ಲಿಪ್ ಹೊಡೆದೆ. ಕಾಫಿ ಕುಡಿದು ಎದ್ದುಬಂದೆ.

ನಾನು ಮಾಡಿದ ಆ ಒಂದು ರಿಪೇರಿಯೇ ಮನೆ ಹಾಳು ಮಾಡಿತು. ಅದುವರೆಗೆ ಬಕೆಟ್ ತುಂಬಿದಾಗಲೆಲ್ಲ ನಿಂತು ಅಮ್ಮನನ್ನು ಬದುಕಿಸುತ್ತಿದ್ದ ಬಾಯ್ಲರ್ ಅಂದಿನಿಂದ ನಿಲ್ಲದೆ ಉರಿಯಿತು. ಭಾನುವಾರ ಶ್ರೀಕರ ಕ್ರಿಕೆಟ್ ನೋಡಿದ. ಶೀಟು ಹಾಗೇ ಇತ್ತು. ಬುಧವಾರ ಡ್ಯೂಟಿ ಮುಗಿಸಿ ಬಂದ ಅಮಿತಾ ನೋಡುವಾಗ ತಾಯಿ ಕುರ್ಚಿಯಲ್ಲೇ ವಾಲಿದ್ದರು. ಅಳಿಯನೇ ಅಲ್ಲಿ ಕೂರಬೇಡಿ ಅನ್ನದ ಮೇಲೆ ಪ್ಲಂಬರ್ ಹೇಳಿದ್ದನ್ನು ಯಾರು ಕೇಳುತ್ತಾರೆ?

ಜೀವ ಉಳಿಯಿತು. ನೆನಪು ಹೋಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಮಿತಾ ನನ್ನನ್ನು ನಿಲ್ಲಿಸಿ ಕೇಳಿದಳು. "ನೀವು ಬಂದು ರಿಪೇರಿ ಮಾಡಿ ಹೋದ್ರಂತಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ."

ಶ್ರೀಕರ ನೆಲ ನೋಡುತ್ತಾ ಅಂದ, "ಏನೂ ಹೇಳ್ಲಿಲ್ಲ ಇವನು. ಎಲ್ಲಾ ಸರಿಯಾಯ್ತು ಅಂದ."

ಮೂವತ್ತು ವರ್ಷದ ಗೆಳೆತನ. ಅವನ ಮುಖಕ್ಕೆ ಉಗಿಯಬೇಕೆನಿಸಿತು. ಅವಳ ಮುಂದೆ ಅದೂ ಆಗಲಿಲ್ಲ.

ಲೈಸೆನ್ಸ್ ಕೊಡುವ ಬೋರ್ಡಿನಿಂದ ತನಿಖೆಗೆ ಬಂದ ಹೆಂಗಸು ಮೆತ್ತಗೆ ಮಾತಾಡುವವಳು. ಬರೆದು ಕೊಟ್ಟಿದ್ದೀರಾ ಎಂದಳು. ಇಲ್ಲ. ನೀವು ಎಚ್ಚರಿಸಿದ್ದನ್ನು ಕೇಳಿದವರು ಯಾರಾದರೂ? ಶ್ರೀಕರನನ್ನು ಬಿಟ್ಟರೆ ಲೀಲಾವತಿಯವರು ಒಬ್ಬರೇ. ಅಷ್ಟು ಗೊತ್ತಿದ್ದೂ ಗ್ಯಾಸ್ ಯಾಕೆ ಬಂದ್ ಮಾಡಲಿಲ್ಲ ಎಂದು ಕೊನೆಗೆ ಕೇಳಿದಳು. ಗೆಳೆಯರು ನಗುತ್ತಾರೆಂದು ಹೇಗೆ ಬರೆಸುವುದು?

ಮೊನ್ನೆ ಅಮ್ಮನನ್ನು ನೋಡಲು ಹೋದೆ. ಅವರನ್ನು ನೋಡುವುದಕ್ಕಿಂತ ನನ್ನ ಸಾಕ್ಷಿಯನ್ನು ಹುಡುಕಿಕೊಂಡು ಹೋದೆ ಎಂದರೇ ಸರಿ. ಶೀಟುಗಳನ್ನು ಕಿತ್ತಿದ್ದರು. ಸಂದಿಯಲ್ಲಿ ಹಿಮ ಬೆಳ್ಳಗೆ ಕೂತಿತ್ತು. ಅಮ್ಮ ಶಾಲು ಹೊದ್ದು ಅಡುಗೆಮನೆಯಲ್ಲಿ ಕೂತಿದ್ದರು. ಅಮಿತಾ ನನಗೆ ಬೆನ್ನು ಹಾಕಿ ಕಾಫಿ ಬೆರೆಸುತ್ತಿದ್ದಳು.

"ಯಾರಪ್ಪ ನೀನು? ಅಮಿತಾ ಜೊತೆ ಕೆಲಸ ಮಾಡ್ತೀಯಾ?"

"ಗುರುರಾಜ ಅಮ್ಮಾ. ಬಾಯ್ಲರ್ ನೋಡೋಕೆ ಬಂದಿದ್ದೆ. ಆ ಸಂದೀಲಿ ಕೂರಬೇಡಿ, ವಿಷ ಇದೆ ಅಂತ ಹೇಳಿದ್ದೆ. ನೆನಪಿದೆಯಾ?"

ಅವರು ಶಾಲು ಸರಿಮಾಡಿಕೊಂಡು ನನ್ನ ಮುಖ ನೋಡಿದರು.

"ಹೂಂ, ನೆನಪಿದೆ. ಕೂರಬೇಡಿ ಅಂತ ಹೇಳಿದ್ದು ನೆನಪಿದೆ," ಎಂದು ನಕ್ಕರು. "ನಮ್ಮ ಶ್ರೀಕರ ಹೇಳಿದ್ದು. ಅವನಿಗೆ ನನ್ನ ಕಂಡ್ರೆ ಜೀವ. ನಾನೇ ಕೇಳ್ಲಿಲ್ಲ."

ಅಮಿತಾ ಲೋಟವನ್ನು ನನ್ನ ಮುಂದಿಟ್ಟು ಹೊರಟುಹೋದಳು.

"ಕಾಫಿ ಆರೋಗತ್ತೆ, ಕುಡಿಯಪ್ಪ," ಎಂದರು ಅಮ್ಮ. ಅಂದಿನ ಹಾಗೆಯೇ ಕುಡಿದು ಎದ್ದುಬಂದೆ.