ಕೋಲಿನ ಇನ್ನೊಂದು ತುದಿ

ಇಸಾಕಪ್ಪನ ಮನೆಗೆ ಹೋದವರು ಬಾಗಿಲು ಬಡಿಯುತ್ತಿರಲಿಲ್ಲ. ಅಂಗಳದಲ್ಲೇ ನಿಂತು ಹೆಸರು ಹಿಡಿದು ಕೂಗುತ್ತಿದ್ದರು. ಬಡಿದರೆ ಅವನು ತೆಗೆಯುವುದಿಲ್ಲವೆಂದು ನಾಲತವಾಡದ ಆ ಓಣಿಗೆಲ್ಲ ಗೊತ್ತಿತ್ತು. ಯಾಕೆಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಅವನು ಗೌಂಡಿ. ಕಲ್ಲಿನ ಗೋಡೆ ಕಟ್ಟುವುದರಲ್ಲಿ ಕೈ ಚಲೋ ಎಂದು ಹೆಸರಿತ್ತು. ಊರಿನ ನಾಲ್ಕಾರು ಕ್ರೈಸ್ತ ಮನೆಗಳಲ್ಲಿ ಅವನದೂ ಒಂದು. ಅರವತ್ತೊಂಬತ್ತನೆಯ ಇಸವಿಯಲ್ಲಿ ಅವನು ಸಿಂದಗಿಯಲ್ಲಿ ಸಾವುಕಾರರೊಬ್ಬರ ಮನೆ ಕಟ್ಟುತ್ತಿದ್ದಾಗ, ಹೆಂಡತಿ ರೇವವ್ವನಿಗೆ ದಿನ ತುಂಬುವ ಮೊದಲೇ ಹೆರಿಗೆಯ ಬ್ಯಾನಿ ಎದ್ದವು. ನೆರೆಮನೆಯ ಮೋದಿನಸಾಬ ಗಾಡಿ ಕಟ್ಟಿ ಅವಳನ್ನು ಹಳ್ಳದಾಚೆಯ ಮಿಷನ್ ದವಾಖಾನೆಗೆ ಹೊರಡಿಸಿದ. ದಾರಿಯಲ್ಲಿ ಬಿರುಗಾಳಿ, ಮಳೆ. ಹಳ್ಳದ ರಾಡಿಯಲ್ಲಿ ಗಾಲಿ ಹೂತುಹೋಯಿತು.

"ನಾ ನಡಕೋತ ಹೋಗತೇನಿ ಕಾಕಾ. ನೀ ಎತ್ತು ಬಿಡಿಸಿಕೊಂಡು ಬಾ" ಎಂದು ರೇವವ್ವ ಇಳಿದಳು. ದವಾಖಾನೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು.

ಮೋದಿನಸಾಬ ಬಂದು ಮುಟ್ಟಿದಾಗ ಅವಳು ಮುಚ್ಚಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಬಿದ್ದಿದ್ದಳು. ಅವನು ಬಾಗಿಲನ್ನು ಒದ್ದು ಕೂಗಿದ ಮೇಲೆ ನರ್ಸ್ ಮಾರ್ಥಾಬಾಯಿ ತೆಗೆದರು. ಹೊತ್ತು ಮುಳುಗುವ ಮೊದಲೇ ತಾಯಿಯೂ ಹೋದಳು, ಹೊಟ್ಟೆಯಲ್ಲಿದ್ದದ್ದೂ ಹೋಯಿತು.

"ಗಾಳಿಗೆ ಬಾಗಲಾ ಬಡಕೊಳ್ಳಾಕತ್ತೈತಿ ಅಂತ ತಿಳಕೊಂಡೆ" ಎಂದರು ಮಾರ್ಥಾಬಾಯಿ. ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ಇಸಾಕಪ್ಪ ನಂಬಲಿಲ್ಲ. ಗಾಳಿಗೂ ಮನುಷ್ಯರ ಕೈಗೂ ವ್ಯತ್ಯಾಸ ತಿಳಿಯದೇ?

ರೇವವ್ವನನ್ನು ಮಣ್ಣು ಮಾಡಿ ಹೆಚ್ಚು ದಿನ ಆಗಿರಲಿಲ್ಲ, ಅವನ ಮನೆಯ ಬಾಗಿಲ ಮೇಲೆ ಸಪ್ಪಳ ಶುರುವಾಯಿತು. ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಓಣಿಯೆಲ್ಲ ಮಲಗಿದ ಹೊತ್ತಿನಲ್ಲಿ. ಎರಡು ಬಡಿತ. ತುಸು ತಡೆದು ಇನ್ನೊಂದು. ಆಮೇಲೆ ಒದ್ದೆ ಅಂಗೈ ಕದದ ಮೇಲಿಂದ ಕೆಳಗೆ ಜಾರಿದ ಹಾಗೆ ಒಂದು ಸರಸರ. ಮೊದಮೊದಲು ಎದ್ದು ಓಡಿ ತೆಗೆಯುತ್ತಿದ್ದ. ಹೊರಗೆ ಬಿಸಿಲು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಬರಬರುತ್ತ ತೆಗೆಯುವುದನ್ನೇ ಬಿಟ್ಟ. ಗೋಡೆಗೆ ಮುಖ ಮಾಡಿ, ಅದು ನಿಲ್ಲುವವರೆಗೆ ಕೂತಿರುತ್ತಿದ್ದ. ಈ ಮಾತನ್ನು ಯಾರಿಗೂ ಹೇಳಲಿಲ್ಲ.

ವರ್ಷಗಳು ಹೋದವು. ದವಾಖಾನೆ ಮುಚ್ಚಿತು. ಮಾರ್ಥಾಬಾಯಿ ಅದರ ಹಿಂದಿನ ಖೋಲಿಯಲ್ಲಿ ಉಳಿದರು. ಅವರ ಕಣ್ಣು ಮಂಜಾಗುತ್ತ ಬಂದು ಕಡೆಗೆ ಪೂರಾ ಹೋದವು. ಮಗ್ಗುಲ ಮನೆಯ ಹೆಣ್ಣುಮಗಳೊಬ್ಬಳು ರೊಟ್ಟಿ ಬಡಿದು ಕೊಟ್ಟು ಹೋಗುತ್ತಿದ್ದಳು. ಪ್ರಾರ್ಥನೆಗೆ ಕರೆತರಲು ಮಾತ್ರ ಯಾರೂ ಇರಲಿಲ್ಲ.

ಬಿಜಾಪುರದಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಪಾದ್ರಿಗಳು ಒಂದು ರವಿವಾರ ಇಸಾಕಪ್ಪನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡರು.

"ಮಾರ್ಥಾಬಾಯಿನ್ನ ವಾರಾ ವಾರಾ ನೀ ಕರಕೊಂಡು ಬರಬೇಕು."

ಇಸಾಕಪ್ಪನ ಮುಖ ಕಲ್ಲಾಯಿತು. "ಬ್ಯಾರೆ ಯಾರಿಗರೆ ಹೇಳ್ರಿ, ಸಾಹೇಬ್ರ."

"ಬ್ಯಾರೆ ಯಾರಿಗೂ ಆಕಿ ಮ್ಯಾಲ ಸಿಟ್ಟಿಲ್ಲ. ಅದಕ್ಕ ನಿನಗ ಹೇಳಾಕತ್ತೇನಿ."

"ನನ್ನ ಮನಸ್ಸು ಒಪ್ಪಂಗಿಲ್ರಿ."

"ಮನಸ್ಸು ಯಾರು ಕೇಳ್ಯಾರೋ? ನಾ ಕೇಳಿದ್ದು ನಿನ್ನ ಕಾಲು. ವೈರಿಗಿ ಒಳ್ಳೇದ ಮಾಡು ಅಂದಾನ ಸ್ವಾಮಿ. ಒಳ್ಳೇದ ಅನಸಿದ ಮ್ಯಾಲ ಮಾಡು ಅಂದಿಲ್ಲ. ತನ್ನ ಮಾತು ನಡಸಿದವರಿಗೆ ತನ್ನ ಸಂತೋಷ ಕೊಡತೇನಿ ಅಂದಾನ. ಮೊದಲ ನಡಸು."

ಅವನು ಒಪ್ಪಿದ್ದು ಪಾದ್ರಿಗಳ ಮೇಲಿನ ಗೌರವಕ್ಕಲ್ಲ. ಸ್ವಾಮಿಯ ಮಾತು ಅಂದಮೇಲೆ ಇಲ್ಲ ಅನ್ನಲು ಅಂಜಿಕೆಯಾಯಿತು, ಅಷ್ಟೇ.

ಮುಂದಿನ ರವಿವಾರದಿಂದ ಹಳ್ಳ ದಾಟಿ ಹೋಗತೊಡಗಿದ. ಆ ಮೆಟ್ಟಿಲು ಕಾಣದ ಹಾಗೆ ಕಟ್ಟಡದ ಹಿಂದಿನಿಂದ ಸುತ್ತಿ ಹೋಗುತ್ತಿದ್ದ. ಅವರ ಕೈ ಹಿಡಿಯಲಿಲ್ಲ. ಒಂದು ಜಾಲಿಯ ಕೋಲಿನ ತುದಿಯನ್ನು ಅವರ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಮುಂದೆ ಮುಂದೆ ನಡೆಯುತ್ತಿದ್ದ. ಮಾತಿಲ್ಲ. ಕಲ್ಲು ಬಂದರೆ "ಕಲ್ಲು" ಅನ್ನುವನು, ನೀರು ಬಂದರೆ "ನೀರು" ಅನ್ನುವನು. ಬಿಟ್ಟು ಬರುವಾಗ "ದೇವರು ನಿನ್ನ ಚಲೋ ಇಡ್ಲಪಾ" ಎಂದು ಅವರು ಅಂದರೆ ಅವನು ಆಗಲೇ ತಿರುಗಿ ನಡೆದಿರುತ್ತಿದ್ದ. ಸುಗ್ಗಿ ಕಳೆದು ಬ್ಯಾಸಿಗೆ ಬಂತು. ಸಂತೋಷದ ಸುಳಿವೂ ಇರಲಿಲ್ಲ. ಬದಲಿಗೆ ಮನೆಯ ಸಪ್ಪಳ ಹೆಚ್ಚಾಯಿತು.

ಕಾರಹುಣ್ಣಿಮೆ ಮುಗಿದ ಮೇಲಿನ ಒಂದು ರವಿವಾರ, ತಿರುಗಿ ಬರುವಾಗ, ಹಳ್ಳದ ನಡುವೆ ಮಾರ್ಥಾಬಾಯಿ ನಿಂತುಬಿಟ್ಟರು. ಹಿಂದಿನಿಂದ ಕೋಲು ಜಗ್ಗಿದಂತಾಗಿ ಇಸಾಕಪ್ಪನೂ ನಿಂತ.

"ಇಸಾಕಪ್ಪಾ, ನಿನಗೊಂದು ಕೇಳ್ಲ್ಯಾ? ನಿನಗೂ ಕೇಳಸ್ತೈತೇನು ಅದು? ಬಾಗಲಾ ಬಡಿಯೂದು?"

ಅವನು "ಕಲ್ಲು" ಎಂದು ಕೋಲು ಮುಂದಕ್ಕೆ ಜಗ್ಗಿದ. ಅವರು ಕದಲಲಿಲ್ಲ.

"ನನಗ ಕೇಳಸ್ತೈತಿ. ಕಣ್ಣು ಹೋದ ಮ್ಯಾಲಂತೂ ದಿನಾ ಕೇಳಸ್ತೈತಿ." ಅವರು ಬಾಗಿ, ಬೆರಳಿನ ಗೆಣ್ಣಿನಿಂದ ಕೋಲಿನ ಮೇಲೆ ಬಡಿದು ತೋರಿಸಿದರು. ಎರಡು ಸಲ. ತುಸು ತಡೆದು ಇನ್ನೊಂದು. ಆಮೇಲೆ ಅಂಗೈಯನ್ನು ಕೋಲಿನುದ್ದಕ್ಕೂ ಮೆಲ್ಲಗೆ ಜಾರಿಸಿದರು.

ಆ ಬಡಿತ ಕೋಲಿನಗುಂಟ ಇಸಾಕಪ್ಪನ ಕೈಗೆ ಮುಟ್ಟಿತು. ತನ್ನ ಬಾಗಿಲ ಮೇಲಿನ ಸಪ್ಪಳವೇ ಅದು. ಸಿಂದಗಿಯಲ್ಲಿದ್ದ ಅವನು ಆ ಸಪ್ಪಳವನ್ನು ಕಿವಿಯಾರೆ ಕೇಳಿದವನಲ್ಲ. ಕೇಳಿದವರು ಇವರೊಬ್ಬರೇ. ಹಾಗಾದರೆ ಇಷ್ಟು ವರ್ಷ ತನ್ನ ಬಾಗಿಲ ಮೇಲೆ ಬಡಿದದ್ದು ಯಾರ ಕೈ?

ಅವರನ್ನು ಖೋಲಿಗೆ ಮುಟ್ಟಿಸಿ ಅವನು ಓಡಿದ ಹಾಗೆ ಮನೆಗೆ ಬಂದ. ಅಂಜಿಕೆಯ ಬೆನ್ನಿಗೆ ಸಿಟ್ಟು ಬಂತು. ಬಾಗಿಲು ತೆಗೆಯದವರಿಗೆ ಆ ಸಪ್ಪಳ ಕೇಳುವ ಹಕ್ಕೆಲ್ಲಿಯದು? ನನ್ನ ದುಃಖದಲ್ಲೂ ಪಾಲು ಬೇಕಾಯಿತೇ? ಇನ್ನು ಹೋಗುವುದಿಲ್ಲ ಎಂದುಕೊಂಡ.

ಮುಂದಿನ ರವಿವಾರ ಹೋಗಲಿಲ್ಲ. ಆಷಾಢದ ಗಾಳಿ ಬೆಳಗಿನಿಂದ ಹುಯ್ಯೆಂದು ಬೀಸುತ್ತಿತ್ತು. ಮಾಳಿಗೆಯ ಮಣ್ಣು ಉದುರುತ್ತಿತ್ತು. ಅವನು ಅಗಳಿ ಹಾಕಿಕೊಂಡು ಒಳಗೆ ಕೂತಿದ್ದ. ಪ್ರಾರ್ಥನೆಯ ಹೊತ್ತು ಮೀರಿದ ಮೇಲೆ ಸಪ್ಪಳ ಬಂತು.

ಈ ಸಲ ಬಡಿತಕ್ಕೆ ಲೆಕ್ಕವಿರಲಿಲ್ಲ. ಕದವೇ ಅಲುಗಿತು. ಅದರ ಜೊತೆಗೆ, ಹಿಂದೆಂದೂ ಇಲ್ಲದ್ದು, ಹೆಂಗಸಿನ ದನಿ. ಗಾಳಿ ಅದನ್ನು ಹರಿದು ಹರಿದು ಒಯ್ಯುತ್ತಿತ್ತು. ಇಸಾಕಪ್ಪ ಕಿವಿ ಮುಚ್ಚಿಕೊಂಡು ಮೂಲೆಗೆ ಸರಿದ. "ಹೋಗವಾ, ರೇವವ್ವಾ, ಹೋಗು. ನಾ ಏನ್ ಮಾಡ್ಲಿ, ಹೋಗು" ಎಂದು ಗೊಣಗಿದ. ಸಪ್ಪಳ ನಿಂತಿತು. ಗಾಳಿ ಮಾತ್ರ ಉಳಿಯಿತು.

ಕಿವಿಯಿಂದ ಕೈ ತೆಗೆದ ಮೇಲೂ ಆ ದನಿ ತಲೆಯೊಳಗೆ ತಿರುಗುತ್ತಿತ್ತು. ತಿರುಗುತ್ತ ತಿರುಗುತ್ತ ಅದರ ಚೂರುಗಳು ಕೂಡಿ ಒಂದು ಮಾತಾದವು. ಇಸಾಕಪ್ಪಾ.

ಅವನು ದಿಗ್ಗನೆ ಎದ್ದ. ರೇವವ್ವ ಹುಟ್ಟಿ ಸಾಯುವತನಕ ಗಂಡನ ಹೆಸರು ಹಿಡಿದವಳಲ್ಲ. ಹೆಸರು ಹೇಳೆಂದು ಗೆಳತಿಯರು ಕಾಡಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡುತ್ತಿದ್ದವಳು. ಬಾಗಿಲಲ್ಲಿ ಬಂದದ್ದು ಸತ್ತವಳಲ್ಲ. ಜೀವ ಇದ್ದವರು ಯಾರೋ.

ಅಗಳಿ ತೆಗೆದಾಗ ಅಂಗಳ ಬರಿದಾಗಿತ್ತು. ಮೆಟ್ಟಿಲ ಮೇಲೆ ರಕ್ತದ ಹೆಜ್ಜೆಗುರುತು ಇತ್ತು.

ಓಡಿದ. ಓಣಿ ದಾಟಿದ ಮೇಲೆ, ಹಳ್ಳದ ದಾರಿ ತಪ್ಪಿ ಎರಿಹೊಲದೊಳಗೆ ಇಳಿದು, ಮಾರ್ಥಾಬಾಯಿ ನೆಲದ ಮೇಲೆ ಕೂತಿದ್ದರು. ಸೀರೆಯ ಸೆರಗು ಗಾಳಿಗೆ ಬಡಿದಾಡುತ್ತಿತ್ತು. ಬರಿಗಾಲಿನ ತುಂಬ ಜಾಲಿಮುಳ್ಳು.

"ಯಾರು?" ಎಂದರು.

"ನಾನ್ರಿ, ಇಸಾಕಪ್ಪ."

"ಅರಾಮ ಅದೀಯೇನೋ? ಬರಲಿಲ್ಲ ನೀ. ಜಡ್ಡಾಗಿ ಬಿದ್ದೀಯೇನೋ, ನೀರು ಕೊಡವರೂ ಇಲ್ಲ ಅಂತ ಜೀವ ತಡೀಲಿಲ್ಲ. ಕುರಿ ಕಾಯವರು ಅರ್ಧ ದಾರಿ ತೋರಿಸಿದ್ರು. ಕೇಳಕೋತ ಕೇಳಕೋತ ಬಂದೆ, ಮನಿ ಸಿಕ್ಕಿತು, ನೀ ಇರಲಿಲ್ಲ."

ಇಸಾಕಪ್ಪ ಅವರ ಮುಂದೆ ಕೂತು ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ. ಒಂದೊಂದೇ ಮುಳ್ಳು ಕೀಳತೊಡಗಿದ. ಸುಳ್ಳು ಹೇಳಬಹುದಿತ್ತು. ಆಗಲಿಲ್ಲ.

"ಇದ್ದೆನ್ರಿ, ಬಾಯಾರ. ನೀವು ಬಡದ್ದು ಕೇಳಿತ್ತು. ತಗೀಲಿಲ್ಲ."

ಅವರು ದನಿ ಬಂದತ್ತ ಮುಖ ತಿರುಗಿಸಿದರು. "ಗಾಳಿ ಅಂತ ತಿಳಕೊಂಡ್ಯಾ?"

"ಇಲ್ರಿ. ಆಕಿ ಅಂತ ತಿಳಕೊಂಡೆ."

ಮಾರ್ಥಾಬಾಯಿಯ ಕುರುಡು ಕಣ್ಣುಗಳಿಂದ ನೀರು ಇಳಿಯಿತು. ಅವನು ಮುಳ್ಳು ಕೀಳುವ ಕೈ ನಿಲ್ಲಿಸಲಿಲ್ಲ. ಕೇಳಿಯೂ ತೆಗೆಯದಿರುವುದು ಹೇಗೆ ಸಾಧ್ಯವೆಂದು ಅವನು ಏಳು ವರ್ಷ ಕೇಳಿಕೊಂಡಿದ್ದ. ಈಗ ಕೇಳಬೇಕಾದ್ದು ಏನೂ ಉಳಿದಿರಲಿಲ್ಲ.

"ಗಾಳಿ ಅವತ್ತ ಹಿಂಗ ಇತ್ತೇನ್ರಿ?" ಎಂದ.

"ಇದಕ್ಕಿಂತ ಜೋರ ಇತ್ತಪಾ."

"ಹೌದ್ರಿ. ಇದ್ದೀತು."

ಮುಳ್ಳೆಲ್ಲ ತೆಗೆದು, ತನ್ನ ರುಮಾಲು ಹರಿದು ಕಾಲಿಗೆ ಸುತ್ತಿ, ಅವರ ಕೈ ಹಿಡಿದು ಎಬ್ಬಿಸಿದ. ಆ ಕೈ ಒಣಗಿದ ಎಲೆಯ ಹಾಗೆ ಹಗುರವಾಗಿತ್ತು, ಬೆಚ್ಚಗಿತ್ತು. ಜೀವ ಇದ್ದಾಗ ರೇವವ್ವನನ್ನು ಕಡೆಯದಾಗಿ ಮುಟ್ಟಿದ ಕೈ ಇದೇ ಎಂಬುದು ಅವನಿಗೆ ಆಗ ಹೊಳೆಯಿತು. ಬಿಡಬೇಕೆನ್ನಿಸಲಿಲ್ಲ.

"ಮನಿಗೆ ಬಿಡ್ಲೇನ್ರಿ?"

"ಪ್ರಾರ್ಥನಿ?"

"ಮುಗದೈತ್ರಿ ಈಗ."

"ಮುಗದ್ರ ಮುಗೀಲಿ. ಕರಕೊಂಡು ಹೋಗು."

ಹೋದರು. ಪ್ರಾರ್ಥನೆಯ ಮನೆಗೆ ಬೀಗ ಬಿದ್ದಿತ್ತು. ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಮಾರ್ಥಾಬಾಯಿ ಮೆಲ್ಲಗೆ ಒಂದು ಕೀರ್ತನೆ ಎತ್ತಿಕೊಂಡರು. ದನಿ ಒಡೆದಿತ್ತು, ರಾಗ ಅಲ್ಲಿಷ್ಟು ಇಲ್ಲಿಷ್ಟು ಹರಿದಿತ್ತು. ಇಸಾಕಪ್ಪನೂ ದನಿ ಕೂಡಿಸಿದ. ರೇವವ್ವ ಹೋದ ಮೇಲೆ ಅವನು ಹಾಡಿರಲಿಲ್ಲ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಎದೆಯೊಳಗೆ ಏನೋ ಸಡಿಲಾಯಿತು. ದುಃಖ ಅಂದುಕೊಂಡ. ದುಃಖವಾಗಿರಲಿಲ್ಲ. ಅಳು ಬರುತ್ತಿತ್ತು, ಅದರ ಕೆಳಗೆ ನಗು ಇತ್ತು. ತಡೆಯಲಾಗದೆ ಜೋರಾಗಿ ಹಾಡಿದ. ದಾರಿಯಲ್ಲಿ ಹೊರಟಿದ್ದ ಮೋದಿನಸಾಬ ಗಾಡಿ ನಿಲ್ಲಿಸಿ, ಬೆರಗಾಗಿ ನೋಡಿ, ಎತ್ತು ಹೊಡೆದುಕೊಂಡು ಹೋದ.

ಸಪ್ಪಳ ನಿಲ್ಲಲಿಲ್ಲ. ಆ ವಾರವೂ ಒಂದು ಮಧ್ಯಾಹ್ನ ಬಂತು. ಇಸಾಕಪ್ಪ ಎದ್ದು ಹೋಗಿ ಬಾಗಿಲು ತೆಗೆದ, ಬಿಸಿಲು ನೋಡಿದ, ತೆರೆದಿಟ್ಟೇ ಬಂದು ಮಲಗಿದ. ಅಂಜಿಕೆ ಪೂರಾ ಹೋಗಿರಲಿಲ್ಲ.

ಮುಂದಿನ ರವಿವಾರ ಮೂಡಲು ಕೆಂಪಾಗುವಷ್ಟರಲ್ಲಿ ಎದ್ದು ಮೈತೊಳೆದು, ಒಗೆದ ಅಂಗಿ ಹಾಕಿಕೊಂಡು ಹಳ್ಳ ದಾಟಿದ. ಯಾರೂ ಅವಸರ ಮಾಡಿರಲಿಲ್ಲ. ಕಾಲು ತಾವೇ ನಡೆದಿದ್ದವು. ಹಿಂದಿನಿಂದ ಸುತ್ತದೆ, ಆ ಮೆಟ್ಟಿಲ ಮುಂದಿನಿಂದಲೇ ಹೋದ. ಕ್ಷಣ ನಿಂತ, ಮುಂದೆ ನಡೆದ.

"ಬಾಯಾರ, ನಾ ಬಂದೇನ್ರಿ."

"ಇಷ್ಟ ಲಗೂನ ಯಾಕ ಬಂದ್ಯೋ? ಇನ್ನಾ ತಲಿ ಬಾಚಿಕೊಂಡಿಲ್ಲ ನಾ. ಕುಂಡ್ರು ಅಲ್ಲೇ."

"ಆಗ್ಲಿರಿ" ಎಂದು ಇಸಾಕಪ್ಪ ಕಟ್ಟೆಯ ಮೇಲೆ ಕೂತ. ಎಳೆಬಿಸಿಲು ಎರಿಹೊಲಗಳ ಮೇಲೆ ಹರಡುತ್ತಿತ್ತು. ಕಾಯುವುದೂ ಅವನಿಗೆ ಹಿತವಾಗಿತ್ತು.